ಹಳದಿ ಪರದೆ, ನೀಲಿ ಗೋಡೆ, ಹಸಿರು ಕುರ್ಚಿ: ಕೋಣೆಯ ಚಿತ್ರದಲ್ಲಿ ಕಣ್ಣು ಎಲ್ಲೂ ನಿಲ್ತಾ ಇಲ್ಲ, ಏನು ಮಾಡಲಿ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಚಿತ್ರದ ಜೊತೆ ಗುದ್ದಾಡುತ್ತಿದ್ದೇನೆ. ನಾನು ದಿನಾ ಕೂರುವ ಕೋಣೆ ಅದು. ಎಡಕ್ಕೆ ಕಿಟಕಿ, ಅದಕ್ಕೆ ಹಳದಿ ಪರದೆ. ಗೋಡೆ ನೀಲಿ. ನಡುವೆ ಹಸಿರು ಕುರ್ಚಿ, ಅದರ ಕೆಳಗೆ ಕೆಂಪು ಜಮಖಾನ. ಬಲಕ್ಕೆ ಮೇಜು, ಅದಕ್ಕೆ ನೇರಳೆ ಹಚ್ಚಿದ್ದೇನೆ (ನಿಜದಲ್ಲಿ ಕಂದು). ಮೇಜಿನ ಮೇಲೆ ಕಿತ್ತಳೆ ದೀಪ. ನೆಲ ಗುಲಾಬಿ.

ಇದ್ದದ್ದನ್ನು ಇದ್ದ ಹಾಗೆ ಬರೆದು ಸಾಕಾಗಿತ್ತು. ಈ ಸಲ ಬಣ್ಣದಲ್ಲಿ ಧೈರ್ಯ ಮಾಡೋಣ, ಕುಂಚದ ಹೊಡೆತ ಕಾಣೋ ಹಾಗೆ ಬಿಡೋಣ ಅಂತ ಶುರು ಮಾಡಿದೆ. 16 ಇಂಚು 20 ಇಂಚಿನ ಕ್ಯಾನ್ವಾಸ್, ಅಕ್ರಿಲಿಕ್. ಒಂದೊಂದೇ ವಸ್ತು ನೋಡಿದರೆ ಚೆನ್ನಾಗಿದೆ. ಕುರ್ಚಿಯಂತೂ ನನಗೆ ತುಂಬಾ ಇಷ್ಟ. ಆದರೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಅದು ಕೋಣೆ ಅನ್ನಿಸಲ್ಲ. ಮನೆಯಲ್ಲಿ ಒಬ್ಬರು ನೋಡಿ, "ಬಣ್ಣದ ಡಬ್ಬಿಗಳನ್ನ ಸಾಲಾಗಿ ಇಟ್ಟ ಹಾಗಿದೆ" ಅಂದರು. ಬೇಜಾರಾಯಿತು, ಯಾಕೆಂದರೆ ಅದು ನಿಜ.

ಯಾವ ಬಣ್ಣ ತೆಗೆಯಲಿ? ಏಳರಲ್ಲಿ ಎಷ್ಟು ಉಳಿಸಲಿ?

ಹಳೇಕುಂಚ

ಯಾವುದನ್ನೂ ತೆಗೆಯಬೇಡಿ, ಇನ್ನೂ. ಮೊದಲು ಚಿತ್ರದ ಫೋಟೋ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ಏನು ಕಂಡಿತು ಹೇಳಿ. ಆಮೇಲೆ ಮಾತಾಡೋಣ.

ಗೆರೆಗಾರ

ಮುಜುಗರ ಆಗಬಹುದು, ಆದರೂ ಕೇಳಿಬಿಡ್ತೀನಿ. ಕುರ್ಚಿ ಜಮಖಾನದ ಮೇಲೆ ನಿಂತಿದೆಯೋ, ತೇಲ್ತಾ ಇದೆಯೋ? ಎಕ್ಸ್‌ಪ್ರೆಸಿವ್ (ಭಾವಕ್ಕೆ ತಕ್ಕ ಹಾಗೆ ಬರೆದದ್ದು) ಅಂತ ಹೆಸರಿಟ್ಟು ಡ್ರಾಯಿಂಗ್ ತಪ್ಪನ್ನ ಮುಚ್ಚೋರನ್ನ ತುಂಬಾ ನೋಡಿದ್ದೇನೆ. ಪರ್ಸ್‌ಪೆಕ್ಟಿವ್, ಅಂದರೆ ದೂರ-ಹತ್ತಿರದ ಲೆಕ್ಕ, ಸರಿ ಇಲ್ಲದಿದ್ದರೆ ಯಾವ ಬಣ್ಣ ಹಾಕಿದರೂ ಕೋಣೆ ಆಗಲ್ಲ.

ಒದ್ದೆಬಣ್ಣ

ಗೆರೆಗಾರರೇ, ವ್ಯಾನ್ ಗಾಗ್ 1888ರಲ್ಲಿ ಬರೆದ ಮಲಗುವ ಕೋಣೆ ನೆನಪಿದೆಯಲ್ವಾ? ಅಲ್ಲಿ ನೆಲ ನಮ್ಮ ಕಡೆ ಜಾರಿಬರುತ್ತೆ. ಮಂಚ ಕ್ಯಾನ್ವಾಸಿನಿಂದ ಆಚೆ ಬರೋ ಹಾಗಿದೆ. ನೆರಳುಗಳನ್ನ ಬೇಕಂತಲೇ ಬಿಟ್ಟಿದ್ದಾನೆ. ಜಪಾನಿ ಮುದ್ರಣ ಚಿತ್ರಗಳ ಹಾಗೆ ಚಪ್ಪಟೆ ಬಣ್ಣ ಹಚ್ಚಿದೆ ಅಂತ ತಮ್ಮನಿಗೆ ಪತ್ರ ಬರೆದಿದ್ದಾನೆ. ಆದರೂ ಅದು ಕೋಣೆಯೇ. ಯಾರಿಗೂ ಅನುಮಾನ ಬರಲ್ಲ.

ಗೆರೆಗಾರ

ಆ ಕೋಣೆಯ ಹಿಂದಿನ ಗೋಡೆ ನಿಜವಾಗಿಯೂ ಓರೆಯಾಗಿತ್ತು ಸ್ವಾಮಿ. ಆ ಮನೆಯ ಮೂಲೆಯೇ ಹಾಗೆ ಇದ್ದದ್ದು. ಪೂರ್ತಿ ಕಲ್ಪನೆ ಅಲ್ಲ ಅದು. ಅವನು ನೋಡಿ ಬರೆದಿದ್ದಾನೆ, ಆಮೇಲೆ ಸ್ವಲ್ಪ ಎಳೆದಿದ್ದಾನೆ. ನೋಡದೆ ಎಳೆದರೆ ಬೇರೆ ಥರ ಕಾಣುತ್ತೆ. ನನ್ನ ತಕರಾರು ಅಷ್ಟೇ.

ಒದ್ದೆಬಣ್ಣ

ಅದು ಒಪ್ಪುವ ಮಾತು. ಆದರೆ ಇಲ್ಲಿನ ರೋಗ ಅದಲ್ಲ ಅನ್ನಿಸ್ತಿದೆ. ಕಿಟಕಿಪಕ್ಕ ಅವರು ಬರೆದದ್ದನ್ನ ಇನ್ನೊಮ್ಮೆ ಓದಿ: ಪರದೆ ಹಳದಿ, ಗೋಡೆ ನೀಲಿ, ಕುರ್ಚಿ ಹಸಿರು. ಒಂದೊಂದು ವಸ್ತುವಿಗೆ ಒಂದೊಂದು ಬಣ್ಣ, ಎಲ್ಲಕ್ಕೂ ಸಮಪಾಲು. ಮನೆಯಲ್ಲಿ ಏಳು ಜನ ಇದ್ದು ಏಳೂ ಜನ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸಲ್ಲ. ಬಣ್ಣ ಜಾಸ್ತಿ ಆಗಿಲ್ಲ. ಯಜಮಾನ ಇಲ್ಲ, ಅಷ್ಟೇ.

ಫ್ರೆಂಚ್ ಚಿತ್ರಕಾರ ಮತೀಸನ ಕೆಂಪು ಸ್ಟುಡಿಯೋ ಚಿತ್ರ (1911) ನೋಡಿ. ದೊಡ್ಡ ಕ್ಯಾನ್ವಾಸ್, ಎರಡು ಮೀಟರಿಗಿಂತ ಅಗಲ. ಗೋಡೆ, ನೆಲ, ಮೇಜು, ಗಡಿಯಾರ ಎಲ್ಲವನ್ನೂ ಒಂದೇ ಕೆಂಪು ನುಂಗಿದೆ. ಕುರ್ಚಿ, ಮೇಜು ಬರೀ ತೆಳು ಗೆರೆಯಲ್ಲಿ ಕಾಣುತ್ತವೆ. ಮಜಾ ಏನಪ್ಪಾ ಅಂದ್ರೆ, ಆ ಗೆರೆಗಳನ್ನ ಅವನು ಮೇಲಿಂದ ಎಳೆದದ್ದಲ್ಲ. ಮೊದಲು ಗೋಡೆಗೆ ನೀಲಿ, ನೆಲಕ್ಕೆ ಗುಲಾಬಿ, ಪೀಠೋಪಕರಣಕ್ಕೆ ಹಳದಿ ಮಣ್ಣಿನ ಬಣ್ಣ ಹಚ್ಚಿದ್ದ. ಕೊನೆಗೆ ಕೆಂಪು ತುಂಬುವಾಗ ಅಂಚಿನಲ್ಲಿ ಒಂದಿಷ್ಟು ಜಾಗ ಬಿಟ್ಟ. ಆ ಸಂದಿಯಲ್ಲಿ ಕೆಳಗಿನ ಬಣ್ಣ ಇಣುಕುತ್ತೆ. ಅದೇ ಗೆರೆ!

ಅಂದರೆ ಅವನೂ ಶುರು ಮಾಡಿದ್ದು ನಿಮ್ಮ ಥರಾನೇ. ನೀಲಿ ಗೋಡೆ, ಗುಲಾಬಿ ನೆಲ.

ಕಿಟಕಿಪಕ್ಕ

ಅಯ್ಯೋ, ಅದು ಗೊತ್ತೇ ಇರಲಿಲ್ಲ. ಸ್ವಲ್ಪ ಸಮಾಧಾನ ಆಯಿತು.

ಹಳೇಕುಂಚ ಅವರೇ, ಕಪ್ಪು-ಬಿಳುಪು ಮಾಡಿ ನೋಡಿದೆ. ಕುರ್ಚಿ ಮಾಯ! ಜಮಖಾನವೂ ಮಾಯ. ಹಸಿರು, ಕೆಂಪು, ನೀಲಿ ಗೋಡೆ ಮೂರೂ ಒಂದೇ ಬೂದಿ. ಪರದೆ ಮಾತ್ರ ಬೆಳ್ಳಗೆ ಕಾಣ್ತಿದೆ, ನೆಲ ಸ್ವಲ್ಪ ಬೆಳ್ಳಗೆ. ಉಳಿದದ್ದೆಲ್ಲ ಒಂದೇ ಗೋಣಿಚೀಲ.

ಹಳೇಕುಂಚ

ಅದೇ ನೋಡಿ. ಕಣ್ಣು ನಿಲ್ಲದಿರೋಕೆ ಅರ್ಧ ಕಾರಣ ಅಲ್ಲಿದೆ. ಬಣ್ಣದ ಚಕ್ರದಲ್ಲಿ ಹಸಿರು ಮತ್ತು ಕೆಂಪು ಎದುರು-ಬದುರು ಬಣ್ಣ. ಎರಡೂ ಒಂದೇ ಗಾಢತೆಯಲ್ಲಿ ಅಕ್ಕಪಕ್ಕ ಬಂದರೆ ಅಂಚು ಅದುರುತ್ತೆ. ಕಣ್ಣಿಗೆ ಅದು ಅಂಚಾಗಿ ಸಿಗಲ್ಲ. ಒಂದೇ ಕಡೆ ಆ ಅದುರು ಬೇಕಂತ ಇಟ್ಟರೆ ಚಂದ. ಚಿತ್ರದ ತುಂಬಾ ಇದ್ದರೆ ತಲೆನೋವು.

ಬಣ್ಣ ಯಾವುದು ಅನ್ನೋದರಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಿ. ತಿಳಿ ಎಲ್ಲಿ, ಗಾಢ ಎಲ್ಲಿ ಅನ್ನೋದರಲ್ಲಿ ಸ್ವಲ್ಪ ನಿಜ ಇರಲಿ. ಮುಖ ನೇರಳೆ ಇದ್ದರೂ ಬೆಳಕು ಬಿದ್ದ ಕಡೆ ತಿಳಿಯಾಗಿದ್ದರೆ ಮುಖ ಅಂತ ನಂಬುತ್ತೇವೆ. ಕೋಣೆಯೂ ಹಾಗೇ. ಅಂಗೈಯಷ್ಟು ಕಾಗದದಲ್ಲಿ ಪೆನ್ಸಿಲ್ ತಗೊಂಡು ಮೂರೇ ಗುಂಪು ಮಾಡಿ: ತಿಳಿ, ನಡು, ಗಾಢ. ಕಿಟಕಿ, ಪರದೆ, ನೆಲಕ್ಕೆ ಬಿದ್ದ ಬಿಸಿಲು ಒಂದು ಗುಂಪು ಆಗಬಹುದು. ವಸ್ತುವಿನ ಗಡಿ ನೋಡಬೇಡಿ. ಕುರ್ಚಿಯ ಅರ್ಧ ಒಂದು ಗುಂಪಿಗೆ, ಇನ್ನರ್ಧ ಇನ್ನೊಂದು ಗುಂಪಿಗೆ ಹೋಗಲಿ. ಪರವಾಗಿಲ್ಲ.

ಒಂದು ಎಚ್ಚರಿಕೆ. ಹಳದಿ ಸ್ವಭಾವದಲ್ಲೇ ತಿಳಿ ಬಣ್ಣ. ಅದನ್ನ ಗಾಢ ಮಾಡೋಕೆ ಕಪ್ಪು ಸೇರಿಸಿದರೆ ಪಾಚಿ ಹಸಿರಾಗುತ್ತೆ. ಹಾಗಾಗಿ ಹಳದಿಯನ್ನ ತಿಳಿ ಗುಂಪಿನಲ್ಲೇ ಬಿಡಿ. ನೆರಳಿನ ಕಡೆ ಅದು ಕಿತ್ತಳೆಗೋ, ಕಂದಿಗೋ ಜಾರಲಿ.

ಬೂದಿ_ಬಣ್ಣ

ನನ್ನ ಹೆಸರಿಗೆ ತಕ್ಕ ಮಾತು ಹೇಳಿ ಹೋಗ್ತೀನಿ. ನಿಮ್ಮ ಚಿತ್ರದಲ್ಲಿ ಬೂದಿ ಎಲ್ಲಿದೆ? ಏಳು ಬಣ್ಣ ಹೇಳಿದಿರಿ, ಏಳೂ ಟ್ಯೂಬಿನಿಂದ ನೇರ ಬಂದ ಹಾಗಿವೆ.

ಫ್ರಾನ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೂಲ್ ಅಂತ ಒಬ್ಬ ರಸಾಯನ ವಿಜ್ಞಾನಿ. ಕಪ್ಪು ದಾರ ಸಪ್ಪೆಯಾಗಿದೆ, ಬಣ್ಣ ಹಿಡಿದಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ದಾರದಲ್ಲಿ ದೋಷ ಇಲ್ಲ. ಪಕ್ಕದಲ್ಲಿದ್ದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣ್ತಿತ್ತು. 1839ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಬಣ್ಣ ಹಚ್ಚೋರಿಗೆ ಅದರಲ್ಲಿ ಸಿಗೋದು ಇಷ್ಟು: ಕಿತ್ತಳೆ ಪಕ್ಕದಲ್ಲಿ ಇಟ್ಟ ಬೂದಿ ನೀಲಿಯಾಗಿ ಕಾಣುತ್ತೆ. ನೀಲಿ ಹಚ್ಚೋದೇ ಬೇಕಾಗಿಲ್ಲ, ಸುಮ್ನೆ ಬೂದಿ ಇಟ್ಟರೂ ಸಾಕು.

ಕಪ್ಪು-ಬಿಳಿ ಬೆರೆಸಿದ ಬೂದಿ ಬೇಡ, ಅದು ಹೆಣದ ಥರ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು) ಸೇರಿಸಿ. ಮೊದಲು ಕಪ್ಪಿನಷ್ಟು ಗಾಢ ಆಗುತ್ತೆ. ಅದಕ್ಕೆ ಬಿಳಿ ಹಾಕುತ್ತಾ ಹೋಗಿ. ಸಿಯೆನ್ನಾ ಒಂದು ಚೂರು ಜಾಸ್ತಿ ಆದರೆ ಬೆಚ್ಚಗಿನ ಬೂದಿ, ನೀಲಿ ಜಾಸ್ತಿ ಆದರೆ ತಣ್ಣಗಿನ ಬೂದಿ. ಪೂರ್ತಿ ಕಲಸಬೇಡಿ. ನೈಫಿನಲ್ಲಿ ನಾಲ್ಕು ಸಲ ಮಡಚಿ ಬಿಡಿ. ಒಂದೇ ಹೊಡೆತದಲ್ಲಿ ಎರಡೂ ಕಾಣುತ್ತೆ. ಪ್ಯಾಲೆಟ್ ಮೇಲೆ ನೋಡಿದರೆ ಕೊಳಕು ಅನ್ನಿಸುತ್ತೆ. ನಿಮ್ಮ ಹಳದಿ ಪರದೆಯ ಪಕ್ಕ ಇಟ್ಟು ನೋಡಿ, ನೇರಳೆ ಮಿಂಚುತ್ತೆ.

ಅರ್ಧಕ್ಯಾನ್ವಾಸ್

ಈ ಬೂದಿ ವಿಷಯ ನನಗೂ ತಡವಾಗಿ ತಿಳೀತು. ಕೆಸರು ಆಗುತ್ತೆ ಅಂತ ಹೆದರಿ ಎರಡು ವರ್ಷ ಟ್ಯೂಬಿನ ಬಣ್ಣವನ್ನೇ ಹಚ್ಚಿದೆ. ಎಲ್ಲ ಚಿತ್ರವೂ ಆಟಿಕೆ ಅಂಗಡಿ ಥರ ಬಂದವು.

ಗೆರೆಗಾರ

ನಾನೂ ಒಂದು ಪ್ರಶ್ನೆ ಕೇಳ್ತೀನಿ, ಈ ಸಲ ಕಾಲೆಳೆಯೋಕಲ್ಲ. ಮೇಜು ಕಂದು ಇತ್ತು, ನೇರಳೆ ಮಾಡಿದೆ ಅಂದಿರಿ. ಯಾಕೆ ನೇರಳೆ?

ಕಿಟಕಿಪಕ್ಕ

ನಿಜ ಹೇಳಬೇಕಾ? ನೇರಳೆ ಒಂದು ಎಲ್ಲೂ ಬಂದಿರಲಿಲ್ಲ, ಅದಕ್ಕೆ.

ಗೆರೆಗಾರ

ಹಾ. ಅಲ್ಲಿಗೆ ಬಂತು ವಿಷಯ.

ಅದೇ ವ್ಯಾನ್ ಗಾಗ್ ಅದೇ 1888ರಲ್ಲಿ ಒಂದು ರಾತ್ರಿ ಕೆಫೆಯ ಒಳಾಂಗಣ ಬರೆದ. ಗೋಡೆ ರಕ್ತಗೆಂಪು, ಛಾವಣಿ ಹಸಿರು, ನಡುವೆ ಬಿಲಿಯರ್ಡ್ಸ್ ಮೇಜು. ಮನುಷ್ಯನ ಭಯಂಕರ ಆವೇಶಗಳನ್ನ ಕೆಂಪು-ಹಸಿರಿನಲ್ಲಿ ಹೇಳೋಕೆ ನೋಡಿದೆ ಅಂತ ಬರೆದುಕೊಂಡಿದ್ದಾನೆ. ಮಲಗುವ ಕೋಣೆಯಲ್ಲಿ ಬೇಕಾಗಿದ್ದದ್ದು ವಿಶ್ರಾಂತಿ. ಅಲ್ಲಿ ಗೋಡೆ ತಿಳಿ ನೇರಳೆ. ಈಗ ನಾವು ನೋಡೋದು ನೀಲಿ, ಯಾಕೆಂದರೆ ಅವನು ಬೆರೆಸಿದ ಕೆಂಪು ಕಾಲಕ್ರಮೇಣ ಮಾಸಿಹೋಗಿದೆ. ಒಬ್ಬನೇ ಮನುಷ್ಯ, ಕೆಲವೇ ವಾರಗಳ ಅಂತರ, ಎರಡು ಕೋಣೆ. ಬಣ್ಣ ಎರಡು ಕಡೆಯೂ ಜೋರಾಗಿಯೇ ಇದೆ. ಆದರೆ ಎರಡು ಬೇರೆ ಮಾತು ಹೇಳುತ್ತೆ.

ನಿಮ್ಮ ಕೋಣೆ ಏನು ಹೇಳಬೇಕು ಅಂತ ನಿಮಗೇ ಗೊತ್ತಿಲ್ಲದಿದ್ದರೆ ನಾವು ಏಳರಲ್ಲಿ ಯಾವುದನ್ನ ತೆಗೆಯೋದು ಅಂತ ಹೇಗೆ ಹೇಳೋದು?

ಒದ್ದೆಬಣ್ಣ

ಗೆರೆಗಾರರು ಬಣ್ಣದ ಪರ ಮಾತಾಡ್ತಾ ಇದ್ದಾರೆ. ದಿನಾಂಕ ಬರೆದಿಟ್ಟುಕೊಳ್ಳಿ ಎಲ್ಲರೂ.

ಕಿಟಕಿಪಕ್ಕ

ಎರಡು ದಿನ ಇದನ್ನೇ ಯೋಚಿಸಿದೆ. ಕುಂಚ ಮುಟ್ಟಲಿಲ್ಲ.

ಈ ಕೋಣೆ ಬರೀಬೇಕು ಅನ್ನಿಸಿದ್ದು ಒಂದು ಸಂಜೆ. ಬಿಸಿಲು ಇಳಿಯೋ ಹೊತ್ತು. ಪರದೆ ಎಳೆದಿತ್ತು. ಬೆಳಕು ಆ ಹಳದಿ ಬಟ್ಟೆಯ ಒಳಗಿಂದ ತೂರಿ ಬಂದು ಇಡೀ ಕೋಣೆ ಹಳದಿಯಾಯಿತು. ಗೋಡೆ ನೀಲಿ ಅನ್ನೋದೇ ಮರೆತುಹೋಯಿತು. ನನ್ನ ಕೈ ಕೂಡ ಹಳದಿ. ಹತ್ತು ನಿಮಿಷ ಇರಬಹುದು, ಆಮೇಲೆ ಹೋಯಿತು. ಬರೆಯೋಕೆ ಕೂತದ್ದು ಮಾರನೇ ದಿನ ಬೆಳಿಗ್ಗೆ. ಆಗ ಗೋಡೆ ಮತ್ತೆ ನೀಲಿ, ಕುರ್ಚಿ ಮತ್ತೆ ಹಸಿರು. ಕಣ್ಣಿಗೆ ಕಂಡದ್ದನ್ನ ಒಂದೊಂದಾಗಿ ಕ್ಯಾನ್ವಾಸಿಗೆ ಇಳಿಸಿದೆ. ಮನೆ ಖಾಲಿ ಮಾಡುವಾಗ ಸಾಮಾನಿನ ಪಟ್ಟಿ ಬರೀತೀವಲ್ಲ, ಹಾಗೆ.

ಆ ಸಂಜೆ ಈ ಚಿತ್ರದಲ್ಲಿ ಎಲ್ಲೂ ಇಲ್ಲ.

ಹಳೇಕುಂಚ

ಇದನ್ನ ಮೊದಲೇ ಬರೆದಿದ್ದರೆ ನಾವು ಇಷ್ಟು ಟೈಪ್ ಮಾಡೋದು ತಪ್ಪುತ್ತಿತ್ತು :)

ಇನ್ನು ಆ ಕೋಣೆಯಲ್ಲಿ ಕೂತು ಬರೀಬೇಡಿ. ಫ್ರೆಂಚ್ ಚಿತ್ರಕಾರ ಬೊನ್ನಾರ್ ಕೋಣೆಗಳನ್ನ ಬರೆದದ್ದು ನೆನಪಿನಿಂದ. ಚಿಕ್ಕ ಪೆನ್ಸಿಲ್ ಸ್ಕೆಚ್ ಮಾಡಿಕೊಳ್ತಿದ್ದ. ಕ್ಯಾನ್ವಾಸನ್ನ ಚೌಕಟ್ಟಿಗೆ ಹೊಡೆಯದೆ ಹಾಗೇ ಗೋಡೆಗೆ ಮೊಳೆ ಹೊಡೆದು ಇಟ್ಟುಕೊಂಡು, ವಸ್ತು ಎದುರಿಗೆ ಇಲ್ಲದೆ ಬಣ್ಣ ಹಚ್ಚುತ್ತಿದ್ದ. ಕುರ್ಚಿ ಎದುರಿಗೆ ಇದ್ದರೆ ಅದು "ನಾನು ಹಸಿರು, ನಾನು ಹಸಿರು" ಅಂತ ಜಗಳಕ್ಕೆ ಬರುತ್ತೆ. ಬೇರೆ ಕೋಣೆಗೆ ಹೋದರೆ ಆ ಸಂಜೆ ಮಾತ್ರ ಉಳಿಯುತ್ತೆ.

ಬೂದಿ_ಬಣ್ಣ

ದೊಡ್ಡ ಕ್ಯಾನ್ವಾಸಿಗೆ ಈಗಲೇ ಕೈ ಹಾಕಬೇಡಿ. ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದದಲ್ಲಿ ಐದಾರು ಬಣ್ಣದ ಅಧ್ಯಯನ ಮಾಡಿ. ಒಂದೊಂದಕ್ಕೆ ಹದಿನೈದು ನಿಮಿಷ. ಒಂದು ಇಂಚಿನ ಚಪ್ಪಟೆ ಬ್ರಷ್ ಬಿಟ್ಟು ಬೇರೆ ಮುಟ್ಟಬೇಡಿ. ಆ ಬ್ರಷ್ಷಿನಲ್ಲಿ ಕುರ್ಚಿಯ ಕಾಲು ಬರೆಯೋಕಾಗಲ್ಲ. ಒಳ್ಳೆಯದೇ ಆಯಿತು.

ಕಿಟಕಿಪಕ್ಕ

ಹನ್ನೆರಡು ದಿನ ಆಯಿತು. ವರದಿ ಒಪ್ಪಿಸೋಕೆ ಬಂದಿದ್ದೇನೆ.

ಆರು ಚಿಕ್ಕವು ಮಾಡಿದೆ. ಮೊದಲ ಎರಡು ಮತ್ತೆ ಬಣ್ಣದ ಡಬ್ಬಿ. ಮೂರನೆಯದರಲ್ಲಿ ಹಠ ಹಿಡಿದು ಮುಕ್ಕಾಲು ಭಾಗ ಹಳದಿ ತುಂಬಿದೆ. ಗೋಡೆ, ನೆಲ, ಮೇಜು ಎಲ್ಲ. ಕುರ್ಚಿಯನ್ನ ಬೂದಿ-ಹಸಿರು ಮಾಡಿದೆ. ಜಮಖಾನ ಒಂದು ಕೆಂಪು ಪಟ್ಟಿ, ಅಷ್ಟೇ. ದೀಪ ತೆಗೆದೇಬಿಟ್ಟೆ. ನೋಡಿದರೆ ಏನೋ ಆಗಿದೆ! ಗೋಡೆಗೆ ಒರಗಿಸಿ ಇಟ್ಟು ಹಾದುಹೋಗುವಾಗೆಲ್ಲ ತಿರುಗಿ ನೋಡಿದೆ.

ಆಮೇಲೆ ಖುಷಿಯಲ್ಲಿ ದೊಡ್ಡ ಕ್ಯಾನ್ವಾಸಿಗೆ ಹೋಗಿ ನೀಲಿ ಗೋಡೆಯ ಮೇಲೆ ಹಳದಿ ಹಚ್ಚಿದೆ. ಏನಾಯಿತು ಹೇಳಿ? ಗೋಡೆ ಹಸಿರು! ಇನ್ನೊಂದು ಪದರ ಹಚ್ಚಿದೆ, ಇನ್ನೂ ಹಸಿರು. ಮೂರನೆಯದು ಹಚ್ಚುವಾಗ ಅಳು ಬರೋ ಹಾಗಾಯಿತು.

ಹಳೇಕುಂಚ

ನಿಮ್ಮ ಹಳದಿ ಪಾರದರ್ಶಕ. ಟ್ಯೂಬಿನ ಮೇಲೆ ಚಿಕ್ಕ ಚೌಕ ಇರುತ್ತೆ, ನೋಡಿ. ಖಾಲಿ ಚೌಕ ಅಂದರೆ ಕೆಳಗಿನದು ಕಾಣುತ್ತೆ. ತುಂಬಿದ ಚೌಕ ಅಂದರೆ ಮುಚ್ಚುತ್ತೆ. ಅಡ್ಡಗೆರೆ ಎಳೆದಿದ್ದರೆ ಎರಡರ ನಡುವೆ. ಕ್ಯಾಡ್ಮಿಯಂ ಹಳದಿ ಚೆನ್ನಾಗಿ ಮುಚ್ಚುತ್ತೆ. ಹನ್ಸಾ ಹಳದಿ ಅಷ್ಟು ಮುಚ್ಚಲ್ಲ. ಕೆಳಗೆ ನೀಲಿ, ಮೇಲೆ ಪಾರದರ್ಶಕ ಹಳದಿ, ಮತ್ತೇನು ಆಗುತ್ತೆ!

ಪರಿಹಾರ ಸುಲಭ. ಹಳದಿ ಬರಬೇಕಾದ ಕಡೆ ಮೊದಲು ಟೈಟಾನಿಯಂ ಬಿಳಿ ಹಚ್ಚಿ ಒಣಗಿಸಿ. ಬರೀ ಬಿಳಿ ಬೇಡ, ಒಂದು ಚೂರು ಗುಲಾಬಿ ಅಥವಾ ಕಿತ್ತಳೆ ಬೆರೆಸಿ. ಅದರ ಮೇಲೆ ಹಳದಿ ಬಂದರೆ ಒಳಗಿಂದ ಬೆಳಗುತ್ತೆ, ನಿಮ್ಮ ಪರದೆಯ ಥರಾನೇ. ಹಳದಿಗೇ ನೇರ ಬಿಳಿ ಬೆರೆಸಿದರೆ ಸುಣ್ಣ ಬಳಿದ ಹಾಗೆ ಸಪ್ಪೆ ಆಗುತ್ತೆ.

ಇನ್ನೊಂದು. ಅಕ್ರಿಲಿಕ್ ಹಸಿ ಇರುವಾಗ ಅದರ ಅಂಟು ಹಾಲಿನ ಥರ ಬೆಳ್ಳಗಿರುತ್ತೆ. ಒಣಗಿದ ಮೇಲೆ ಪಾರದರ್ಶಕ ಆಗಿಬಿಡುತ್ತೆ, ಅದಕ್ಕೇ ಬಣ್ಣ ಒಂದು ಮೆಟ್ಟಿಲು ಗಾಢ ಕಾಣುತ್ತೆ. ಹಸಿ ಬಣ್ಣ ನೋಡಿ ತೀರ್ಪು ಕೊಡಬೇಡಿ.

ಒದ್ದೆಬಣ್ಣ

ತಡೀರಿ ತಡೀರಿ. ನೀಲಿಯನ್ನ ಪೂರ್ತಿ ಮುಚ್ಚಬೇಡಿ!

ಮತೀಸನ ಇನ್ನೊಂದು ಚಿತ್ರ, 1908ರ ಕೆಂಪು ಕೋಣೆ. ಮೇಜುಬಟ್ಟೆಯೂ ಗೋಡೆಯೂ ಒಂದೇ ಕೆಂಪು, ಎರಡರ ಮೇಲೂ ಒಂದೇ ನೀಲಿ ಬಳ್ಳಿ ಹರಿದಿದೆ. ಅದು ಮೊದಲು ನೀಲಿ ಕೋಣೆಯಾಗಿತ್ತು. ನೀಲಿ ಅಂತಲೇ ಅದನ್ನ ಕೊಂಡವರು ಇದ್ದರು. ಆಮೇಲೆ ಇಡೀ ಕೋಣೆಯನ್ನ ಕೆಂಪು ಮಾಡಿಬಿಟ್ಟ. ಕ್ಯಾನ್ವಾಸಿನ ಅಂಚಿನಲ್ಲಿ ಹಳೇ ಬಣ್ಣದ ಗುರುತು ಇನ್ನೂ ಉಳಿದಿದೆ. ಆ ಬಣ್ಣಕ್ಕೆ ಅಷ್ಟು ತೂಕ ಬಂದದ್ದು ಕೆಳಗೆ ಇನ್ನೊಂದು ಚಿತ್ರ ಮಲಗಿರೋದರಿಂದಲೂ ಇರಬಹುದು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಕುರ್ಚಿಯ ಬೆನ್ನಿನ ಪಟ್ಟಿಗಳ ನಡುವೆ, ಮೇಜಿನ ಅಂಚಿನಲ್ಲಿ, ಪರದೆಯ ಮಡಿಕೆ ಗೋಡೆಗೆ ತಾಗುವ ಕಡೆ ದಾರದಷ್ಟು ನೀಲಿ ಬಿಡಿ. ಹಸಿರಾದ ಜಾಗವೂ ಒಂದೆರಡು ಕಡೆ ಇರಲಿ. ಅಳು ಬಂದ ಪದರ ಸುಮ್ನೆ ಹೋಗಬಾರದು.

ಗೆರೆಗಾರ

ಅದರ ಜೊತೆ ಇದೂ ಮಾಡಿ. ಕುರ್ಚಿಯ ನಾಲ್ಕು ಕಾಲು ನೆಲ ಮುಟ್ಟುವ ನಾಲ್ಕು ಚುಕ್ಕೆ, ಅವು ಮಾತ್ರ ಸರಿಯಾದ ಜಾಗದಲ್ಲಿರಲಿ. ಆ ನಾಲ್ಕು ಚುಕ್ಕೆ ಸೇರಿಸಿದರೆ ಓರೆ ಚೌಕ ಆಗಬೇಕು. ಉಳಿದ ಕುರ್ಚಿ ಹೇಗೆ ಬೇಕಾದರೂ ಸೊಟ್ಟಗಿರಲಿ, ಕೂರೋಕೆ ಆಗುತ್ತೆ ಅನ್ನಿಸುತ್ತೆ. ನಾನು ರಾಜಿ ಆಗೋದು ಇಷ್ಟಕ್ಕೇ.

ಅರ್ಧಕ್ಯಾನ್ವಾಸ್

ಈ ನಾಲ್ಕು ಚುಕ್ಕೆ ವಿಷಯ ಬಂಗಾರ. ಇವತ್ತೇ ಮಾಡಿ ನೋಡ್ತೀನಿ.

ಕಿಟಕಿಪಕ್ಕ ಅವರೇ, ಕೆಂಪು ಜಮಖಾನ ಏನು ಮಾಡಿದಿರಿ ದೊಡ್ಡದರಲ್ಲಿ?

ಕಿಟಕಿಪಕ್ಕ

ನಿನ್ನೆ ರಾತ್ರಿ ಕೆಲಸ ಮಾಡಿದೆ. ಹೇಳ್ತೀನಿ.

ತಿಳಿ ಗುಲಾಬಿ ಬೆರೆಸಿದ ಬಿಳಿ ಹಚ್ಚಿ ಒಣಗಿಸಿ, ಅದರ ಮೇಲೆ ಹಳದಿ. ಈ ಸಲ ಹಳದಿ ಹಳದಿಯಾಗಿಯೇ ಬಂತು. ಗೋಡೆಯ ಮೇಲಿನ ಅರ್ಧ ದೊಡ್ಡ ಬ್ರಷ್ಷಿನಲ್ಲಿ ಅಡ್ಡಡ್ಡ ಎಳೆದೆ, ಪರದೆಯದ್ದು ಮಾತ್ರ ಮೇಲಿಂದ ಕೆಳಗೆ. ಒಂದೇ ಬಣ್ಣ, ಆದರೆ ಹೊಡೆತದ ದಿಕ್ಕಿನಿಂದಲೇ ಎರಡೂ ಬೇರೆ ಕಾಣ್ತವೆ. ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೆ ತಾನಾಗಿ ಬಂತು, ಅದಕ್ಕೆ ಸ್ವಲ್ಪ ಜಂಬ.

ಮೇಜು ಬೂದಿ ಆಯಿತು. ಬೂದಿ_ಬಣ್ಣ ಅವರು ಹೇಳಿದ್ದು ನಿಜ, ಹಳದಿ ಪಕ್ಕ ಅದು ನೇರಳೆಯೇ. ನೇರಳೆ ಟ್ಯೂಬ್ ಮುಚ್ಚಳ ಕೂಡ ತೆಗೆದಿಲ್ಲ. ಜಮಖಾನದ ಮುಕ್ಕಾಲು ಭಾಗಕ್ಕೆ ಕಂದು-ಕಿತ್ತಳೆ ಹಚ್ಚಿದೆ. ಕುರ್ಚಿಯ ಮುಂದಿನ ಎಡಗಾಲಿನ ಹತ್ತಿರ ಮಾತ್ರ ಅಂಗುಲದಷ್ಟು ಶುದ್ಧ ಕೆಂಪು ಉಳೀತು. ಕಪ್ಪು-ಬಿಳುಪು ಮಾಡಿ ನೋಡಿದೆ: ಪರದೆ ಬಿಳಿ, ಗೋಡೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಕುರ್ಚಿ ಕಪ್ಪಗೆ ಎದ್ದು ನಿಂತಿದೆ. ನಾಲ್ಕು ಚುಕ್ಕೆಯೂ ಸರಿ ಇದೆ ಗೆರೆಗಾರರೇ, ಸ್ಕೇಲ್ ಇಟ್ಟು ನೋಡಿದೆ.

ತೊಂದರೆ ಉಳಿದಿರೋದು ಕುರ್ಚಿ. ಬೆನ್ನಿನ ಭಾಗ ಮೊದಲಿನ ಹಸಿರೇ ಇದೆ. ಅದನ್ನ ಮೊದಲ ವಾರ ಬರೆದದ್ದು, ಬೆಳಕಿನ ಒಂದು ಗೆರೆ ಎಷ್ಟು ಚೆನ್ನಾಗಿ ಬಂದಿದೆ ಅಂದರೆ ಮುಟ್ಟೋಕೆ ಕೈ ಬರ್ತಿಲ್ಲ. ಆದರೆ ಉಳಿದ ಕೋಣೆ ಸಂಜೆಯಲ್ಲಿದೆ, ಆ ಕುರ್ಚಿ ಇನ್ನೂ ಬೆಳಿಗ್ಗೆಯಲ್ಲೇ ಕೂತಿದೆ.

ಹಳೇಕುಂಚ

ನಿಮಗೇ ಗೊತ್ತಲ್ಲ ಏನು ಮಾಡಬೇಕು ಅಂತ.

ಬೂದಿ_ಬಣ್ಣ

ಕೆಡಿಸೋ ಮೊದಲು ಪರೀಕ್ಷೆ ಮಾಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ ಕುರ್ಚಿಯ ಮೇಲೆ ಇಟ್ಟು, ಆ ಹಾಳೆಯ ಮೇಲೆ ಬಣ್ಣ ಹಚ್ಚಿ. ಹಿಡಿಸದಿದ್ದರೆ ಹಾಳೆ ಎತ್ತಿಬಿಡಿ.

ಒದ್ದೆಬಣ್ಣ

ನಾನಾಗಿದ್ದರೆ ಬೆಳಕಿನ ಆ ಗೆರೆ ಒಂದನ್ನ ಬಿಟ್ಟು ಉಳಿದ ಹಸಿರನ್ನ ತಗ್ಗಿಸ್ತಿದ್ದೆ. ಹಸಿರಿಗೆ ಒಂದು ಚೂರು ಕೆಂಪು ಸೇರಿಸಿದರೆ ಸಾಕು, ತಾನೇ ಸುಮ್ಮನಾಗುತ್ತೆ.

ಕಿಟಕಿಪಕ್ಕ

ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿದೆ. ಒದ್ದೆಬಣ್ಣ ಹೇಳಿದ ಹಾಗೆ ಮಾಡಿದಾಗ ಗೆರೆ ಒಂದೇ ಉಳಿದು ಇನ್ನೂ ಎದ್ದು ಕಾಣ್ತು. ಅದನ್ನೂ ಮುಚ್ಚಿದೆ, ಹಾಳೆಯ ಮೇಲೆ. ಮುಚ್ಚಿದ ತಕ್ಷಣ ಪರದೆ ಜೋರಾಯಿತು.

ಈಗ ಹಾಳೆ ತೆಗೆದಿದ್ದೇನೆ. ಬೂದಿ-ಹಸಿರು ಪ್ಯಾಲೆಟ್ ಮೇಲೆ ಕಲಸಿಟ್ಟು ಇದನ್ನ ಬರೀತಿದ್ದೇನೆ. ಬೇಗ ಹಚ್ಚಬೇಕು, ಅಂಚು ಆಗಲೇ ಚರ್ಮ ಕಟ್ತಿದೆ.